ಗಾಳಿ ತಾಗಿದ ಸೀಸೆ

"ಇನ್ನೊಂದು ದೋಸೆ ತಿನ್ನು," ಎಂದ ಪ್ರಕಾಶ.

"ಸಾಕು."

ಮೇಜಿನ ಕೆಳಗೆ ಚಾಕುವಿನ ತುದಿ ನನ್ನ ಅಂಗಿಯನ್ನು ದಾಟಿ ಬನಿಯನ್ನಿಗೆ ಬಂತು.

"ತಿನ್ನಣ್ಣ. ಬಿಲ್ಲು ನಮ್ಮ ಓನರ್‌ದು."

ತಿಂದೆ. ಅದು ನಾಲ್ಕನೆಯದು!

ಗೋಡೆ ಗಡಿಯಾರದಲ್ಲಿ ಹತ್ತೂ ನಲವತ್ತು. ಶಿವಮೊಗ್ಗದ ವಿದ್ಯಾನಗರ, ರಸ್ತೆ ಬದಿಯ ಹೋಟೆಲ್ಲು. ನನ್ನ ಕಾಲುಗಳ ನಡುವೆ ಐದು ಲೀಟರಿನ ಹಾಲಿನ ಕ್ಯಾನು. ಕ್ಯಾನಿನೊಳಗೆ ಭತ್ತದ ಹೊಟ್ಟು. ಹೊಟ್ಟಿನೊಳಗೆ ಮೂರು ಸೀಸೆ ಕೆಸರು. ಬಾಗಿಲಾಚೆ ನನ್ನ ಹಳೆಯ ಚೇತಕ್ ಸ್ಕೂಟರು. ಅದರ ಕೀಲಿ ಮಾತ್ರ ಎದುರಿನ ಬೀಡಾ ಅಂಗಡಿಯಲ್ಲಿ ನಿಂತಿದ್ದ ಸುಮೋ ಡ್ರೈವರನ ಬೆರಳಿನಲ್ಲಿ ಗಿರಗಿರ ತಿರುಗುತ್ತಿತ್ತು.

ಪ್ರಕಾಶನಿಗೆ ಕ್ಯಾನು ಬೇಕಿರಲಿಲ್ಲ. ನನ್ನ ಪ್ರಾಣವೂ ಬೇಕಿರಲಿಲ್ಲ. ನಾನು ಸುಮ್ಮನೆ ಕೂತಿದ್ದರೆ ಸಾಕಿತ್ತು... ಮಧ್ಯಾಹ್ನದವರೆಗೆ.

"ಹನ್ನೆರಡು ಹೊಡೀಲಿ, ಬಿಟ್ಟುಬಿಡ್ತೀನಿ," ಎಂದ. "ಆಮೇಲೆ ಸೀಸೆ ತಗಂಡು ಸೀದಾ ಕೋರ್ಟಿಗೆ ಹೋಗು. ನಂದೇನೂ ತಕರಾರಿಲ್ಲ."

"ಯಾರು ಹೇಳಿಕೊಟ್ರು ಇದನ್ನ?"

"ನಮ್ಮ ಓನರ್ ಯಾರೋ ಓದಿರೋರನ್ನ ಕೇಳಿದಾರೆ. ಮಧ್ಯಾಹ್ನದೊಳಗೆ ಬಣ್ಣ ಹೋಗುತ್ತಂತಲ್ಲ? ಗಾಳಿನ ಹುಳಗಳೇ ಕುಡಿದುಬಿಡ್ತವಂತೆ! ಏನ್ ಹುಳ ಮಾರಾಯ..."

ಮೊದಲಿನಿಂದ ಹೇಳುತ್ತೇನೆ. ಇಲ್ಲದಿದ್ದರೆ ಆ ನಾಲ್ಕು ದೋಸೆಯ ಸಂಕಟ ನಿಮಗೆ ಗೊತ್ತಾಗುವುದಿಲ್ಲ.

ನಾನು ಹಾಲೇಶ್. ಮನೆ ಭದ್ರಾವತಿ ನ್ಯೂ ಟೌನಿನಲ್ಲಿ. ಹನ್ನೆರಡು ವರ್ಷ ಕಾರ್ಖಾನೆಯ ಗೇಟು ಕಾದೆ. ಈಗ ವಕೀಲರಿಗೆ ಸಾಕ್ಷಿ ಹುಡುಕಿ ಕೊಡುತ್ತೇನೆ. ತಲೆಮರೆಸಿಕೊಂಡವರನ್ನು ತಲೆ ಸಮೇತ ತಂದು ನಿಲ್ಲಿಸುತ್ತೇನೆ.

ಇದು ನಡೆದದ್ದು ಎರಡು ಸಾವಿರದ ನಾಲ್ಕನೇ ಇಸವಿಯ ಬೇಸಿಗೆಯಲ್ಲಿ.

ಭದ್ರಾವತಿಯಿಂದ ಎರಡು ಹರಿದಾರಿ ದೂರದಲ್ಲಿ ಬೂದಿಕೆರೆ ಎಂಬ ಊರು. ನಾಲ್ಕೈದು ವರ್ಷಕ್ಕೊಮ್ಮೆ, ಮಾರ್ಚಿಗೆ ಕೆರೆಯ ನೀರು ತಳ ಕಂಡಾಗ ಊರವರು ಗೋಡು ತೆಗೆಯುತ್ತಾರೆ. ತಳದ ಕಪ್ಪು ಮಣ್ಣನ್ನು ಗಾಡಿ, ಟ್ರ್ಯಾಕ್ಟರಿನಲ್ಲಿ ಹೊಡೆದು ಹೊಲಕ್ಕೆ ಚೆಲ್ಲುತ್ತಾರೆ. ಅದು ಗೊಬ್ಬರಕ್ಕೆ ಸಮ. ಆ ವರ್ಷ ತೆಗೆದರು. ಎರಡನೇ ದಿನ, ಕಲಕಿ ಕಪ್ಪಾಗಿದ್ದ ನೀರಿಗೆ ಎಮ್ಮೆಗಳು ಇಳಿದವು. ಕುಡಿದವು. ಬೆಳಗಾಗುವುದರೊಳಗೆ ಹನ್ನೊಂದು ಎಮ್ಮೆ ಕಾಲು ಬಡಿದು ಸತ್ತವು!

ಊರಿಗೆಲ್ಲ ಒಂದೇ ಹೆಸರು ನೆನಪಾಯಿತು. ರಂಗಪ್ಪ.

ರಂಗಪ್ಪ ಆ ಕೆರೆಯ ನೀರುಗಂಟಿ. ತೂಬು ಕಾಯುವುದು, ಗದ್ದೆ ಗದ್ದೆಗೆ ನೀರು ಹಂಚುವುದು ಅವನ ಕೆಲಸ. ಅವನ ಅಪ್ಪ, ಅಜ್ಜ ಮಾಡಿದ್ದೂ ಅದೇ. ಗೋಡು ತೆಗೆಯುವ ಎಂಟು ದಿನ ಮುಂಚೆ ಎಮ್ಮೆಗಳು ತೂಬಿನ ಕಾಲುವೆ ತುಳಿದು ಹಾಳುಮಾಡಿದ್ದಕ್ಕೆ ಅವನು ಅರಳಿಕಟ್ಟೆಯ ಮೇಲೆ ನಿಂತು ಕೂಗಾಡಿದ್ದ. "ಇನ್ನೊಂದ್ ಸಲ ನಿಮ್ಮ ಎಮ್ಮೆ ಇಲ್ಲಿ ಕಂಡ್ರೆ ಎಂಡ್ರಿನ್ ಹಾಕ್ಬಿಡ್ತೀನಿ!"

ನಮ್ಮ ಕಡೆ ಯಾವ ಕ್ರಿಮಿನಾಶಕಕ್ಕೂ ಎಂಡ್ರಿನ್ ಎಂದೇ ಹೆಸರು. ಎಂಡ್ರಿನ್ ಹಾಕ್ತೀನಿ ಎಂಬ ಮಾತನ್ನು ಜನ ದಿನಕ್ಕೆ ಹತ್ತು ಸಲ ಆಡುತ್ತಾರೆ. ಕಾಗೆಗೂ ಆಡುತ್ತಾರೆ, ಅಳಿಯನಿಗೂ ಆಡುತ್ತಾರೆ. ಯಾರೂ ಸಾಯುವುದಿಲ್ಲ. ಈ ಸಲ ಸತ್ತವು.

ಪೊಲೀಸರು ಬಂದರು. ಗುಡಿಸಲಿನಲ್ಲಿ ಅರ್ಧ ಡಬ್ಬ ಔಷಧಿ ಸಿಕ್ಕಿತು. ಯಾರ ಮನೆಯಲ್ಲಿ ಸಿಗುವುದಿಲ್ಲ? ರಂಗಪ್ಪ ಒಳಗೆ ಹೋದ. ಜಾಮೀನಿಗೆ ನಿಲ್ಲಲು ಇಡೀ ಊರಿನಲ್ಲಿ ಒಂದು ನರಪಿಳ್ಳೆಯೂ ಬರಲಿಲ್ಲ.

ಅವನ ಹೆಂಡತಿ ಮಾಸ್ತಮ್ಮ ವಕೀಲ ನರಸಿಂಹಮೂರ್ತಿಯವರ ಮೆಟ್ಟಿಲ ಮೇಲೆ ಬಂದು ಕೂತಳು. ಅಳಲಿಲ್ಲ. "ಅವ್ರು ಬಾಯಿಬಡುಕ. ಕೊಲೆಗಡುಕ ಅಲ್ಲ," ಎಂದಳು. ಅಷ್ಟೇ.

ವಕೀಲರು ನನ್ನ ಕಡೆ ನೋಡಿದರು.

ನಾನು ಕೆರೆಗೆ ನೀರು ತರುವ ಹಳ್ಳದಗುಂಟ ಮೇಲಕ್ಕೆ ನಡೆದೆ. ನಿಧಾನವಾಗಿ. ಗದ್ದೆಯ ಬದು, ಲಂಟಾನದ ಮೆಳೆ, ಕಬ್ಬಿನ ಗದ್ದೆ. ಮೂರು ಕಿಲೋಮೀಟರ್ ಆದಮೇಲೆ ತಗಡಿನ ಶೆಡ್ಡು ಕಂಡಿತು. ನೂರಾರು ಖಾಲಿ ಡ್ರಮ್ಮುಗಳು. ಕೆಮಿಕಲ್ ಕಂಪನಿಗಳ ಹಳೆಯ ಡ್ರಮ್ಮು ತಂದು, ತೊಳೆದು, ನೀರು ತುಂಬಲು ಮಾರುವ ವ್ಯಾಪಾರ. ತೊಳೆದ ನೀರು ಒಂದು ಗುಂಡಿಗೆ. ಗುಂಡಿ ತುಂಬಿದರೆ ಹಳ್ಳಕ್ಕೆ. ಡ್ರಮ್ಮುಗಳ ಮೇಲೆ ಹರಿದ ಲೇಬಲ್ಲು... ಇಲಿಪಾಷಾಣದ ಕಚ್ಚಾಮಾಲು!

ಶೆಡ್ಡಿನ ಒಡೆಯ ಶಿವರಾಮ. ಬಿಳಿ ಅಂಗಿ, ಬಿಳಿ ಪ್ಯಾಂಟು, ಬಿಳಿ ಸುಮೋ. ನಾನು ಹೇಳಿದ್ದನ್ನು ಕೇಳಿ ನಕ್ಕ. ಡ್ರಾಯರಿನಿಂದ ಒಂದು ರಿಪೋರ್ಟು ತೆಗೆದು ಮುಂದಿಟ್ಟ.

"ಓದ್ಕಳಿ ಹಾಲೇಶಣ್ಣ. ನಮ್ಮ ಗುಂಡಿಯಲ್ಲಿ ಸೂಕ್ಷ್ಮಜೀವಿಗಳಿವೆ. ಇಪ್ಪತ್ತೇ ದಿನಕ್ಕೆ ವಿಷನೆಲ್ಲ ತಿಂದು ಮುಗಿಸ್ತವೆ. ಲ್ಯಾಬಿನೋರೇ ಬರೆದುಕೊಟ್ಟಿದಾರೆ. ಆ ನೀರನ್ನ ನಿಮಗೆ ಲೋಟದಲ್ಲಿ ಕೊಡಲಾ?"

ಆ ರಿಪೋರ್ಟಿನ ಜೆರಾಕ್ಸ್ ಮಾಡಿಸಿಕೊಂಡು ಶಿವಮೊಗ್ಗದ ನವುಲೆಗೆ ಹೋದೆ. ಅಲ್ಲಿ ಶ್ರೀಗೌರಿ ಮೇಡಂ ಇದ್ದರು. ಬಾಡಿಗೆ ಮನೆಯ ಮುಂದಿನ ಕೋಣೆಯೇ ಅವರ ಲ್ಯಾಬು. ರೈತರ ಮಣ್ಣು, ಬೋರ್‌ವೆಲ್ ನೀರು ಪರೀಕ್ಷೆ ಮಾಡಿಕೊಡುತ್ತಿದ್ದರು.

"ಇದು ಸುಳ್ಳಾ ಮೇಡಂ?"

ಅವರು ಎರಡು ಸಲ ಓದಿದರು. "ಸುಳ್ಳಲ್ಲ. ಅರ್ಧ ನಿಜ."

"ಅಂದ್ರೆ?"

"ಈ ವಿಷದಲ್ಲಿ ಫ್ಲೋರಿನ್ ಇದೆ. ಇಂಗಾಲನ ಅದು ಹಿಡಿಯೋದು ಉಡದ ಹಿಡಿತ. ಅದನ್ನ ಕಿತ್ತು, ಫ್ಲೋರೈಡ್ ಮಾಡಿ ಉಗುಳೋ ಜೀವಿಗಳು ಇವೆ, ನಿಜ. ಆದ್ರೆ ಇವರು ಗಾಳಿ ಹಾಯಿಸಿದ ಪಾತ್ರೇಲಿ ಪರೀಕ್ಷೆ ಮಾಡಿದಾರೆ. ಕೆರೆ ತಳದಲ್ಲಿ ಗಾಳಿ ಎಲ್ಲಿದೆ?"

ನಾನು ತಲೆ ಕೆರೆದುಕೊಂಡೆ.

"ತಿಪ್ಪೆ ನೋಡಿದೀರಲ್ಲ ಹಾಲೇಶ್? ಮೇಲೆ ಕೊಳೆಯೋ ರೀತಿ ಬೇರೆ, ಅಡಿಯಲ್ಲಿ ಕೊಳೆಯೋ ರೀತಿ ಬೇರೆ. ಮೇಲಿನ ಜೀವಿಗಳಿಗೆ ಆಮ್ಲಜನಕ ಬೇಕು. ಅಡಿಯವಕ್ಕೆ ಅದು ಆಗಲ್ಲ. ಅಡಿಯವು ಕೆಲವು ವಿಷ ತಿನ್ತವೆ, ಕೆಲವಕ್ಕೆ ಬಾಯೇ ಹಾಕಲ್ಲ. ಇದಕ್ಕೆ ಹಾಕ್ತವೋ ಇಲ್ವೋ... ಆ ಕೆಸರನ್ನೇ ಕೇಳ್ಬೇಕು."

ಕೇಳಿದರು. ಕೋರ್ಟಿನ ಅನುಮತಿ ಪಡೆದು, ಪಂಚರ ಎದುರು ಕೆರೆಯ ತಳದ ಕೆಸರು ತೆಗೆದರು. ಅರ್ಧವನ್ನು ತೆರೆದ ಜಾಡಿಗೆ ಹಾಕಿ, ಮೀನಿನ ತೊಟ್ಟಿಯ ಪಂಪಿನಿಂದ ಹಗಲೂ ರಾತ್ರಿ ಗಾಳಿ ಬಿಟ್ಟರು. ಇನ್ನರ್ಧವನ್ನು ಸೀಸೆಗೆ ತುಂಬಿ, ಒಳಗಿನ ಗಾಳಿಯನ್ನು ನೈಟ್ರೋಜನ್ನಿನಿಂದ ಹೊರದಬ್ಬಿ, ರಬ್ಬರ್ ಬಿರಡೆ ಜಡಿದು, ಮೇಲೆ ಅಲ್ಯೂಮಿನಿಯಂ ಮುಚ್ಚಳ ಬಿಗಿದರು.

ನಲವತ್ತು ದಿನ. ಗಾಳಿಯಿದ್ದ ಜಾಡಿಗಳಲ್ಲಿ ವಿಷ ಕರಗಿಹೋಯಿತು. ಅದರ ಲೆಕ್ಕಕ್ಕೆ ಸರಿಯಾಗಿ ಫ್ಲೋರೈಡ್ ಏರಿತು. ಗಾಳಿಯಿಲ್ಲದ ಸೀಸೆಗಳಲ್ಲಿ? ಇಟ್ಟ ವಿಷ ಇಟ್ಟ ಹಾಗೇ ಇತ್ತು! ಶಿವರಾಮನ ಡ್ರಮ್ಮಿನ ವಿಷ ಕೆರೆಯ ತಳದಲ್ಲಿ ವರ್ಷಗಟ್ಟಲೆ ಹೀಗೇ ಮಲಗಿತ್ತು. ಗೋಡು ತೆಗೆದವರು ಅದನ್ನು ಎಬ್ಬಿಸಿದ್ದರು. ರಂಗಪ್ಪನ ಡಬ್ಬದ ಔಷಧಿ ಆ ಕೆಸರಿನಲ್ಲಿ ಒಂದು ಹನಿಯೂ ಇರಲಿಲ್ಲ.

ಪರೀಕ್ಷೆಗೆ ಮುಟ್ಟದ ಮೂರು ಸೀಸೆಗಳನ್ನು ಕೋರ್ಟಿಗೆಂದು ಎತ್ತಿಟ್ಟರು. ಏಪ್ರಿಲ್ ಕೊನೆಯಲ್ಲಿ ಹಾಜರು ಪಡಿಸಬೇಕು. ಕೋರ್ಟು ಅವನ್ನು ಬೆಂಗಳೂರಿನ ಸರ್ಕಾರಿ ಲ್ಯಾಬಿಗೆ ಕಳಿಸುತ್ತದೆ. ಅಲ್ಲಿ ಇಲಿಪಾಷಾಣ ಮಾತ್ರ ಸಿಕ್ಕರೆ ರಂಗಪ್ಪ ಮನೆಗೆ. ಕ್ರಿಮಿನಾಶಕ ಒಂದು ಹನಿ ಸಿಕ್ಕರೂ ಐದು ವರ್ಷ ಒಳಗೆ.

ಆ ದಿನ ಬೆಳಗ್ಗೆ ಒಂಬತ್ತಕ್ಕೆ ನಾನು ಸೀಸೆ ಒಯ್ಯಲು ನವುಲೆಗೆ ಹೋದೆ.

ಹಿತ್ತಿಲ ಬಾಗಿಲು ಹಾರುಹೊಡೆದಿತ್ತು. ಮೇಡಂ ಲ್ಯಾಬಿನ ಕಪಾಟಿನ ಮುಂದೆ ನಿಂತಿದ್ದರು. ಮುಖ ಸುಣ್ಣ.

"ಹಾಲು ತರೋಕೆ ಹೋಗಿದ್ದೆ. ಹತ್ತೇ ನಿಮಿಷ..."

ಕಪಾಟಿನಲ್ಲಿ ಎರಡು ಸೀಸೆ. ಮುಚ್ಚಳ ಭದ್ರ. ಸೀಲು ಭದ್ರ. ಅಡಿಯಲ್ಲಿ ಕಪ್ಪು ಕೆಸರು. ಕೆಸರಿನ ಮೇಲಿನ ನೀರು ಮಾತ್ರ... ಗುಲಾಬಿ!

"ಇದೇನು ಬಣ್ಣ?"

"ನಾನೇ ಹಾಕಿರೋದು. ಗಾಳಿ ಇಲ್ಲದಾಗ ಅದಕ್ಕೆ ಬಣ್ಣ ಇರಲ್ಲ. ಗಾಳಿ ಸೋಂಕಿದ್ರೆ ಗುಲಾಬಿ ಆಗುತ್ತೆ. ಯಾರೋ ಬಿರಡೆಗೆ ಸೂಜಿ ಚುಚ್ಚಿ ಏನೋ ಹಾಕಿದಾರೆ. ಅದರ ಜತೆ ಗಾಳಿಯೂ ಹೋಗಿದೆ."

ಏನು ಹಾಕಿರಬಹುದು ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ರಂಗಪ್ಪನ ಗುಡಿಸಲಿನಲ್ಲಿ ಸಿಕ್ಕ ಔಷಧಿ ಯಾವ ಅಂಗಡಿಯಲ್ಲೂ ಸಿಗುತ್ತದೆ.

"ಮೂರನೇದು?"

ಅವರು ಅಡುಗೆಮನೆಗೆ ಓಡಿ, ಹೊಟ್ಟಿನ ಡಬ್ಬದಿಂದ ಅದನ್ನು ಎತ್ತಿ ತಂದರು. ಕರೆಂಟು ಹೋಗಿ ಕಪಾಟಿನ ಬಲ್ಬು ಆರಿದಾಗ ಒಂದಾದರೂ ಬೆಚ್ಚಗಿರಲಿ ಎಂದು ಅಲ್ಲಿಟ್ಟಿದ್ದರಂತೆ. ಅದರ ನೀರಿಗೆ ಬಣ್ಣವೇ ಇರಲಿಲ್ಲ.

"ಮೂರನ್ನೂ ಪಕ್ಕಪಕ್ಕ ಇಟ್ಟು ಮ್ಯಾಜಿಸ್ಟ್ರೇಟ್ ಸಾಹೇಬರಿಗೆ ತೋರಿಸಿದ್ರೆ ಮುಗೀತು," ಎಂದೆ.

"ಬೇಗ ತೋರಿಸ್ಬೇಕು ಹಾಲೇಶ್! ಆ ಕೆಸರಲ್ಲಿ ಜೀವಿಗಳಿವೆ. ಹೊಕ್ಕ ಗಾಳಿನ ಅವೇ ಮುಗಿಸಿಬಿಡ್ತವೆ. ಮಧ್ಯಾಹ್ನದೊಳಗೆ ಗುಲಾಬಿ ಹೋಗಿ ಮೂರೂ ಒಂದೇ ಥರ ಕಾಣುತ್ತೆ. ಆಮೇಲೆ ನಾವು ಏನು ಬಡ್ಕೊಂಡ್ರೂ ಯಾರೂ ನಂಬಲ್ಲ."

ಮೇಡಂ ತಮ್ಮ ಪುಸ್ತಕಗಳ ಕಟ್ಟು ಹಿಡಿದು ಬಸ್ಸಿಗೆ ಹೋದರು. ನಾನು ಕ್ಯಾನು ಹಿಡಿದು ಸ್ಕೂಟರಿಗೆ. ಸೇತುವೆ ದಾಟುತ್ತಿದ್ದಂತೆ ಬಿಳಿ ಸುಮೋ ಅಡ್ಡ ಬಂತು. ಸೂಜಿ ಹಿಡಿದು ಹೋದವನಿಗೆ ಕಣ್ಣೆದುರೇ ನೀರು ಗುಲಾಬಿಯಾದದ್ದು ಕಂಡಿತ್ತು. ಹೆದರಿ ಒಡೆಯನಿಗೆ ಹೇಳಿದ್ದ. ಒಡೆಯ ಓದಿದವರನ್ನು ಕೇಳಿದ್ದ. ಉಳಿದದ್ದು ನಿಮಗೆ ಗೊತ್ತು... ನಾಲ್ಕು ದೋಸೆ.

"ಐದನೇದು ಹೇಳ್ಲಾ?" ಎಂದ ಪ್ರಕಾಶ.

"ಹೇಳು. ಸಾಂಬಾರೂ ಹೇಳು."

ಸಪ್ಲೈಯರ್ ಸ್ಟೀಲ್ ಬಕೆಟ್ಟು ತಂದ. ಹಬೆಯಾಡುತ್ತಿತ್ತು. ಅವನು ಸೌಟು ಎತ್ತುವುದರೊಳಗೆ ನಾನು ಬಕೆಟ್ಟನ್ನೇ ಎತ್ತಿದೆ. ಪ್ರಕಾಶನ ತೊಡೆಗೆ ಮಗುಚಿದೆ!

ಅವನು ಕೂಗಿದ್ದು ಸೇತುವೆಯಾಚೆಗೂ ಕೇಳಿರಬೇಕು. ಚಾಕು ನನ್ನ ಪಕ್ಕೆಗೆ ಒಂದು ಗೆರೆ ಎಳೆದು ಕೆಳಗೆ ಬಿತ್ತು. ನಾನು ಕ್ಯಾನು ಎದೆಗೆ ಅವಚಿಕೊಂಡು ಹೊರಗೆ ಹಾರಿದೆ. ಡ್ರೈವರು ಕೀಲಿ ತೋರಿಸಿ ಹಲ್ಲು ಕಿರಿದ. ಪಾಪ, ಹೊಸ ಕಾಲದ ಹುಡುಗ. ಹಳೆಯ ಚೇತಕ್‌ಗೆ ಕೀಲಿ ಬೇಕಿಲ್ಲ. ಬಲಕ್ಕೆ ವಾಲಿಸಬೇಕು, ಒದೆಯಬೇಕು. ವಾಲಿಸಿದೆ. ಒದ್ದೆ. ಇಲ್ಲ! ಮತ್ತೆ ಒದ್ದೆ. ಅವನ ಕೈ ನನ್ನ ಕಾಲರಿಗೆ ಬಂತು. ಮೂರನೇ ಒದೆತಕ್ಕೆ ಗಾಡಿ ಗುಡುಗಿತು. ಕಾಲರು ಅವನ ಕೈಯಲ್ಲೇ ಉಳಿಯಿತು.

ಸುಮೋ ಬೆನ್ನಿಗೆ ಬಿತ್ತು.

ಮುಂದೆ ರೈಲ್ವೆ ಗೇಟು. ಇಳಿಯುತ್ತಿತ್ತು... ಇಳಿಯಿತು! ಎರಡೂ ಕಡೆ ಲಾರಿ, ಬಸ್ಸು, ಕಬ್ಬಿನ ಟ್ರ್ಯಾಕ್ಟರು. ಹಾರ್ನು ಬಡಿಯುತ್ತ ಸುಮೋ ನನ್ನ ಹಿಂದಿನ ಚಕ್ರಕ್ಕೆ ಮೂತಿ ತಾಗಿಸಿತು.

ಗೇಟು ಬಿದ್ದಾಗ ನಮ್ಮೂರ ದ್ವಿಚಕ್ರದವರು ಏನು ಮಾಡುತ್ತಾರೆ? ಗಾಡಿಯನ್ನು ಅಡ್ಡ ಮಲಗಿಸಿ ಕಂಬಿಯ ಕೆಳಗೆ ನುಸುಳುತ್ತಾರೆ. ಗೇಟ್‌ಮನ್ ಬೈಯುತ್ತಾನೆ. ನಾನೂ ನುಸುಳಿದೆ. ಅವನೂ ಬೈದ. ಎಡಗೈಯಲ್ಲಿ ಕ್ಯಾನು, ಬಲಗೈಯಲ್ಲಿ ಮಲಗಿದ ಸ್ಕೂಟರು. ರೈಲು ಕೂಗಿತು. ಎರಡನೇ ಕಂಬಿಯ ಕೆಳಗೆ ಹ್ಯಾಂಡಲ್ಲು ಸಿಕ್ಕಿಕೊಂಡಿತು...

ಎಳೆದೆ. ಬಂತು. ರೈಲು ನನ್ನ ಬೆನ್ನಿನ ಹಿಂದೆಯೇ ಹೋಯಿತು.

ನಿದಿಗೆ ದಾಟಿದೆ. ಮಾಚೇನಹಳ್ಳಿ ದಾಟಿದೆ. ಅಲ್ಲಿ ಕ್ಲಚ್ ವೈರು ಕಡಿಯಿತು! ಗೇರು ಬದಲಿಸದೆ, ಎಲ್ಲೂ ನಿಲ್ಲಿಸದೆ, ಎರಡನೇ ಗೇರಿನಲ್ಲೇ ನರಳುತ್ತ ಭದ್ರಾವತಿ ಸೇರಿದಾಗ ಹನ್ನೆರಡಕ್ಕೆ ಹತ್ತು ನಿಮಿಷ.

ಕೋರ್ಟಿನ ವರಾಂಡದಲ್ಲಿ ಕ್ಯಾನಿನ ಮುಚ್ಚಳ ತೆಗೆದೆ. ಗುಲಾಬಿ ಇತ್ತು! ತೆಳ್ಳಗೆ. ಆದರೂ ಇತ್ತು.

ಒಳಗೆ ಓಡಿದೆ. ನರಸಿಂಹಮೂರ್ತಿಯವರು ತುಟಿಯ ಮೇಲೆ ಬೆರಳಿಟ್ಟರು. ಮ್ಯಾಜಿಸ್ಟ್ರೇಟರ ಮುಂದೆ ಬೇರೆ ಕೇಸು ನಡೆಯುತ್ತಿತ್ತು. ಬೇಲಿ ಜಗಳ. ಎಂಬತ್ತು ವರ್ಷದ ಸಾಕ್ಷಿ, ಎರಡೂ ಕಿವಿ ಮಂದ.

"ಈಗಲೇ ತೋರಿಸ್ಬೇಕು ಸಾರ್..."

"ಎರಡು ಸಲ ಕೇಳಿದೆ ಕಣಯ್ಯ. ಮೂರನೇ ಸಲ ಕೇಳಿದ್ರೆ ನನ್ನನ್ನೇ ಹೊರಗೆ ಹಾಕ್ತಾರೆ. ನಮ್ಮ ಸರದಿ ಬರ್ಲಿ."

ಶ್ರೀಗೌರಿ ಮೇಡಂ ಸಾಕ್ಷಿಯಾದ್ದರಿಂದ ಹೊರಗಿನ ಕೋಣೆಯಲ್ಲಿ ಕೂರಬೇಕಿತ್ತು. ರಂಗಪ್ಪ ಪೊಲೀಸರ ನಡುವೆ ಕಟಕಟೆಯ ಪಕ್ಕ ನಿಂತಿದ್ದ. ಐವತ್ತು ದಿನಕ್ಕೆ ಅಂಗಿ ಅವನಿಗೆ ದೊಡ್ಡದಾಗಿತ್ತು. ಮಾಸ್ತಮ್ಮ ಗೋಡೆಗೆ ಒರಗಿ, ಅವನನ್ನು ನೋಡದೆ ನನ್ನ ಕ್ಯಾನನ್ನು ನೋಡುತ್ತಿದ್ದಳು.

ನಾನು ಬೆಂಚಿನ ತುದಿಯಲ್ಲಿ ಕೂತೆ. ಪಕ್ಕಕ್ಕೆ ಯಾರೋ ಬಂದು ಕೂತರು. ಬಿಳಿ ಪ್ಯಾಂಟು.

"ದೋಸೆ ಹೆಂಗಿತ್ತು ಹಾಲೇಶಣ್ಣ?" ಪಿಸುಗುಟ್ಟಿದ ಶಿವರಾಮ.

"ಉಪ್ಪು ಜಾಸ್ತಿ."

"ಗಂಟೆ ನೋಡ್ತಾ ಇದೀರಾ?"

ನಾನು ಕ್ಯಾನಿನೊಳಗೆ ನೋಡುತ್ತಿದ್ದೆ. ಹಳ್ಳಿಯಲ್ಲಿ ಬೆಳೆದವನು ನಾನು. ಹಾಲು ಒಡೆಯುವುದನ್ನು, ಹುಣ್ಣು ಕೀವಾಗುವುದನ್ನು, ಕರು ಸಾಯುವುದನ್ನು ಕೂತು ನೋಡಿದ್ದೇನೆ. ಆ ಬಣ್ಣ ಹೋದಷ್ಟು ನಿಧಾನವಾಗಿ ಯಾವುದೂ ಆಗಿರಲಿಲ್ಲ. ಗುಲಾಬಿ ತಳದಿಂದ ಕರಗುತ್ತ ಮೇಲೇರಿತು. ಹನ್ನೆರಡೂಕಾಲಿಗೆ ಉಗುರಿನಷ್ಟು. ಹನ್ನೆರಡೂವರೆಗೆ ಕೂದಲೆಳೆಯಷ್ಟು. ಮುದುಕ ಇನ್ನೂ "ಏನಂದ್ರಿ?" ಎಂದು ಕೇಳುತ್ತಲೇ ಇದ್ದ.

ಒಂದು ಗಂಟೆಗೆ ನಮ್ಮ ಕೇಸು ಕೂಗಿದರು. ಮೂರು ಸೀಸೆಗಳನ್ನು ಮೇಜಿನ ಮೇಲಿಟ್ಟೆ.

ಮೂರೂ ಒಂದೇ ಥರ!

ನರಸಿಂಹಮೂರ್ತಿಯವರು ಹೇಳಬೇಕಾದ್ದನ್ನು ಹೇಳಿದರು. ಸರ್ಕಾರಿ ವಕೀಲರು ಎದ್ದು ನಿಂತು ನಕ್ಕರು. "ಸ್ವಾಮಿ, ಬಣ್ಣ ಇತ್ತಂತೆ, ಈಗ ಇಲ್ವಂತೆ. ಸೀಲು ಸರಿಯಾಗಿದೆ, ಮುಚ್ಚಳ ಸರಿಯಾಗಿದೆ. ಮೂರನ್ನೂ ಬೆಂಗಳೂರಿಗೆ ಕಳಿಸಿ. ಏನಿದೆ ಅಂತ ಅಲ್ಲೇ ಗೊತ್ತಾಗುತ್ತೆ."

ಮ್ಯಾಜಿಸ್ಟ್ರೇಟರು ತಲೆ ಆಡಿಸಿದರು. "ಸೀಸೆಗಳನ್ನ ಮುದ್ದೆಮಾಲು ಅಂತ ಬರ್ಕೊಳ್ಳಿ ಷಣ್ಮುಖಪ್ಪ."

ಗೋಡೆಗೆ ಒರಗಿದ್ದ ಮಾಸ್ತಮ್ಮ ಹಾಗೇ ಕೆಳಕ್ಕೆ ಜಾರಿ ಕೂತಳು.

ಷಣ್ಮುಖಪ್ಪ ಬೆಂಚ್ ಕ್ಲರ್ಕು. ಮೂವತ್ತು ವರ್ಷದ ಸರ್ವೀಸು. ಅದರಲ್ಲಿ ಅರ್ಧ ಕಳ್ಳಭಟ್ಟಿ ಕೇಸುಗಳು. ಠಾಣೆಯಿಂದ ಬರುವ ಸಾರಾಯಿ ಸೀಸೆಯಲ್ಲಿ ಸಾರಾಯಿಯೇ ಇದೆಯೋ, ದಾರಿಯಲ್ಲಿ ಯಾರಾದರೂ ಕುಡಿದು ನೀರು ತುಂಬಿದ್ದಾರೋ ಎಂದು ನೋಡಲು ಅವನದೊಂದು ಕ್ರಮವಿತ್ತು. ಸೀಸೆಯನ್ನು ಬೆಳಕಿಗೆ ಹಿಡಿದು, ಗಡಗಡ ಕುಲುಕಿ, ನೊರೆ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡುವುದು. ಕೆಸರಿಗೂ ಅದೇ ಕ್ರಮ. ಕನ್ನಡಕ ಹಣೆಗೇರಿಸಿದ. ಮೊದಲ ಸೀಸೆ ಎತ್ತಿದ. ಕಿಟಕಿಯ ಕಡೆ ಹಿಡಿದ. ಕುಲುಕಲು ಶುರುಮಾಡಿದ.

"ಅಲ್ಲಾಡಿಸ್ಬೇಡ್ರೀ ಅದನ್ನ!"

ಕೂಗು ನನ್ನ ಪಕ್ಕದಿಂದ ಬಂದಿತ್ತು. ಶಿವರಾಮ ಎದ್ದು ನಿಂತಿದ್ದ!

ಷಣ್ಮುಖಪ್ಪ ಕುಲುಕುವುದನ್ನು ನಿಲ್ಲಿಸಲಿಲ್ಲ.

ಮ್ಯಾಜಿಸ್ಟ್ರೇಟರು ನಿಧಾನವಾಗಿ ತಲೆಯೆತ್ತಿದರು. "ಯಾರ್ರೀ ನೀವು?"

"ನಾನು... ಸುಮ್ನೆ... ಸ್ವಾಮಿ..."

"ಯಾಕೆ ಅಲ್ಲಾಡಿಸ್ಬಾರ್ದು?"

ಶಿವರಾಮ ಬಾಗಿಲ ಕಡೆ ನೋಡಿದ.

"ಸ್ವಾಮಿ," ಎಂದ ಷಣ್ಮುಖಪ್ಪ, ಸೀಸೆಯನ್ನು ಬೆಳಕಿನಲ್ಲಿ ತಿರುಗಿಸುತ್ತ. "ಇದು ಕೆಂಪಗಾಯ್ತು."

ಕೆಸರಿನ ಕಪ್ಪು ಕೆಳಗಿಳಿಯುತ್ತಿದ್ದಂತೆ ಮೇಲೆ ಗುಲಾಬಿ ಅರಳಿತ್ತು. ನೀರಿನೊಳಗಿನ ಗಾಳಿಯನ್ನು ಹುಳಗಳು ಕುಡಿದಿದ್ದವು, ನಿಜ. ಆದರೆ ಮುಚ್ಚಳದ ಕೆಳಗೆ, ನೀರಿನ ಮೇಲೆ ಇನ್ನೂ ಗಾಳಿ ಉಳಿದಿತ್ತು. ಕುಲುಕಿದಾಗ ಅದು ನೀರಿಗೆ ಬೆರೆತಿತ್ತು. ಇದನ್ನೆಲ್ಲ ಆಮೇಲೆ ಶ್ರೀಗೌರಿ ಮೇಡಂ ಒಳಗೆ ಬಂದು ಹೇಳಿದರು; ಬೆಳಗಿನ ಗಾಬರಿಯಲ್ಲಿ ಅವರಿಗೆ ಕುಲುಕುವುದು ಹೊಳೆದಿರಲಿಲ್ಲ. ಶಿವರಾಮನಿಗೆ ಅವನ ಓದಿದವರು ಮೊದಲೇ ಹೇಳಿದ್ದರು.

"ಎರಡನೇದು," ಎಂದರು ಮ್ಯಾಜಿಸ್ಟ್ರೇಟರು.

ಕುಲುಕಿದ. ಗುಲಾಬಿ!

"ಮೂರನೇದು ಇಲ್ಲಿ ಕೊಡಿ."

ಅದನ್ನು ಅವರೇ ಕುಲುಕಿದರು. ಕಾದರು. ಮತ್ತೆ ಕುಲುಕಿದರು. ಕಪ್ಪು ಎದ್ದಿತು, ಕಪ್ಪು ಇಳಿಯಿತು. ಮೇಲಿನ ನೀರು ನೀರಾಗಿಯೇ ಉಳಿಯಿತು.

ಬಾಗಿಲ ಕಡೆ ಸರಿಯುತ್ತಿದ್ದ ಬಿಳಿ ಅಂಗಿಯ ತೋಳು ಹಿಡಿದೆ. "ಕೂತ್ಕಳಿ ಶಿವರಾಮಣ್ಣ. ಊಟದ ಹೊತ್ತು ಇನ್ನೂ ಆಗಿಲ್ಲ."

ಮೂರನೇ ಸೀಸೆಗೆ ಕೋರ್ಟಿನ ಅರಗು ಬಿತ್ತು, ಅದು ಬೆಂಗಳೂರಿಗೆ. ಮೊದಲೆರಡರ ಬಗ್ಗೆ ಬೇರೆ ಕೇಸು. ಶಿವರಾಮ ಇನ್‌ಸ್ಪೆಕ್ಟರ ಜೀಪಿಗೆ. ಶೆಡ್ಡಿಗೆ ಬೀಗ. ಸ್ವಂತ ಮುಚ್ಚಳಿಕೆಯ ಮೇಲೆ ರಂಗಪ್ಪನ ಬಿಡುಗಡೆ.

ಮೂರೂವರೆಗೆ ಅವನು ಕೋರ್ಟಿನ ಮೆಟ್ಟಿಲಿಳಿದು ಬಂದ. ಮಾಸ್ತಮ್ಮ ಅವನ ಅಂಗಿಯ ತೋಳನ್ನು ಎರಡು ಮಡಿಕೆ ಮಡಿಸಿದಳು. ಬೇರೇನೂ ಮಾಡಲಿಲ್ಲ. ಶ್ರೀಗೌರಿ ಮೇಡಂ ಅವನಿಗೆ ವಿವರಿಸುತ್ತಿದ್ದರು. ಕೆರೆಯ ಕೆಸರನ್ನು ಬಿಸಿಲಿಗೆ ಹರವಿ, ದಿನಾ ಮಗುಚಿ, ಗಾಳಿ ಕೊಡಬೇಕು. ಆಗ ಗಾಳಿ ಬೇಕಾದ ಜೀವಿಗಳು ಎದ್ದು ವಿಷ ತಿನ್ನುತ್ತವೆ. ಅಲ್ಲಿಯವರೆಗೆ ಒಂದು ಹನಿ ನೀರೂ ಕೆರೆಯಿಂದಾಚೆ ಹೋಗಬಾರದು.

ಬೇವಿನ ಮರದ ಕೆಳಗೆ ಊರ ಗೌಡ ನಿಂತಿದ್ದ. ಜತೆಗೆ ಎಮ್ಮೆ ಕಳಕೊಂಡ ಐದಾರು ಮಂದಿ. ಹನ್ನೊಂದರಲ್ಲಿ ನಾಲ್ಕು ಎಮ್ಮೆ ಗೌಡನದೇ. ಕೆಮ್ಮಿದ. ಹತ್ತಿರ ಬಂದ.

"ಆಗಿದ್ದಾಯ್ತು ರಂಗಪ್ಪ... ತೂಬು ಸೋರ್ತಾ ಐತೆ ಮಾರಾಯ. ಆ ನೀರು ಸೀದಾ ನಮ್ಮ ಗದ್ದೆಗೇ ಬರ್ತಾ ಐತೆ. ನಾವೆಲ್ಲ ಸೇರಿ ತುರುಕಿ ನೋಡಿದ್ವಿ, ಅದು ನಿನಗೊಬ್ಬನಿಗೇ ಬಗ್ಗೋದು. ಟ್ರ್ಯಾಕ್ಟರ್ ತಂದೀವಿ. ಹತ್ತು, ಹೋಗಾಣ."

ನೀರುಗಂಟಿಗೆ ಭಾನುವಾರವಿಲ್ಲ, ಹಬ್ಬವಿಲ್ಲ. ತನ್ನ ಮದುವೆಯ ದಿನವೂ ರಂಗಪ್ಪ ತೂಬಿನ ಹತ್ತಿರ ಹೋಗಿ ಬಂದಿದ್ದನಂತೆ.

ಅವನು ಗೌಡನನ್ನು ನೋಡಿದ. ಟ್ರ್ಯಾಕ್ಟರ್ ನೋಡಿದ. ಹೆಂಡತಿಯ ಕೈಯಿಂದ ಎಲೆಅಡಿಕೆ ಇಸಕೊಂಡು, ಬಾಯಿಗೆ ಹಾಕಿ, ಮೆಟ್ಟಿಲ ಮೇಲೆ ಆರಾಮವಾಗಿ ಕೂತ.

"ನಾಳೆ ನೋಡಾಣ ಗೌಡ್ರೆ," ಎಂದ. "ಇವತ್ತು ನಂಗೆ ರಜ."